ವೈಯಕ್ತಿಕ ತರಬೇತುದಾರರ ಬೋಧನೆ ಮತ್ತು ಸಂವಹನ

ವೈಯಕ್ತಿಕ ತರಬೇತುದಾರರ ಬೋಧನೆ ಮತ್ತು ಸಂವಹನ ಎಂದರೆ, ದೈಹಿಕ ವ್ಯಾಯಾಮವನ್ನು ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಕಲಿಸುವ ವೃತ್ತಿಪರರು ತಮ್ಮಲ್ಲಿ ತರಬೇತಿ ಪಡೆಯುವವರೊಡನೆ ನಡೆಸುವ ವಿಚಾರಣೆ, ವಿವರಣೆ, ಪ್ರಾತ್ಯಕ್ಷಿಕೆ, ತಿದ್ದುಪಡಿ ಮತ್ತು ಪ್ರೋತ್ಸಾಹಗಳ ಒಟ್ಟು ಕ್ರಮ. ತರಬೇತಿ ಪಡೆಯುವವರನ್ನು ಜಿಮ್‌ಗಳ ಭಾಷೆಯಲ್ಲಿ ‘ಕ್ಲೈಂಟ್’ ಎನ್ನುತ್ತಾರೆ. ಈ ಲೇಖನದಲ್ಲಿ ಅವರನ್ನು ‘ಅಭ್ಯಾಸಿ’ ಎಂದು ಕರೆಯಲಾಗಿದೆ. ತೂಕ, ಎಣಿಕೆ ಮತ್ತು ಉಪಕರಣಗಳ ಜ್ಞಾನ ಎಷ್ಟಿದ್ದರೂ ಅಭ್ಯಾಸಿಯ ದೇಹದೊಳಗೆ ಆಗುತ್ತಿರುವ ಅನುಭವ ಹೊರಗಿನವರಿಗೆ ಪೂರ್ಣವಾಗಿ ಕಾಣುವುದಿಲ್ಲ. ಅದು ಬಹುಮಟ್ಟಿಗೆ ಅಭ್ಯಾಸಿಯ ಮಾತಿನಿಂದಲೇ ತಿಳಿಯಬೇಕು. ಆದ್ದರಿಂದ ವ್ಯಾಯಾಮದ ಸುರಕ್ಷತೆಗೂ ಅದರ ಮುಂದುವರಿಕೆಗೂ ಸಂವಹನವೇ ಆಧಾರವಾಗಿದೆ.

ಹಿನ್ನೆಲೆ

ಕರ್ನಾಟಕದಲ್ಲಿ ದೇಹಸಾಧನೆಯ ಬೋಧನೆಗೆ ಗರಡಿಮನೆಗಳ ದೀರ್ಘ ಪರಂಪರೆಯಿದೆ. ಮೈಸೂರು ಮೊದಲಾದ ಊರುಗಳ ಗರಡಿಗಳಲ್ಲಿ ಉಸ್ತಾದರು ಸಾಮು, ಬಸ್ಕಿ ಮತ್ತು ಕುಸ್ತಿಯ ಪಟ್ಟುಗಳನ್ನು ಕಲಿಸುತ್ತಿದ್ದರು. ಶಿಷ್ಯನು ಹಿರಿಯ ಪೈಲ್ವಾನರನ್ನು ನೋಡಿ, ಅನುಕರಿಸಿ, ವರ್ಷಗಟ್ಟಲೆ ಅಭ್ಯಾಸದಿಂದ ಕಲಿಯುತ್ತಿದ್ದನು. ಅಲ್ಲಿ ಮಾತು ಕಡಿಮೆ, ಆಜ್ಞೆ ಮತ್ತು ಅನುಕರಣೆ ಹೆಚ್ಚು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಅವರು ಈ ಬೋಧನೆಗೆ ಬರಹದ ರೂಪವನ್ನೂ ಕೊಟ್ಟರು. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳಿಂದ ಕನ್ನಡ ಓದುಗರಿಗೆ ಪರಿಚಿತರಾದ ಅವರು ದೇಹಸಾಧನೆಯನ್ನು ಅಂಚೆಯ ಮೂಲಕವೂ ಕಲಿಸುತ್ತಿದ್ದರು. ಎದುರಿಗಿಲ್ಲದ ಶಿಷ್ಯನಿಗೆ ಬರಹದಲ್ಲಿ ವ್ಯಾಯಾಮ ಕಲಿಸಬೇಕಾದರೆ ಪ್ರತಿಯೊಂದು ಸೂಚನೆಯೂ ಸ್ಪಷ್ಟವಾಗಿರಬೇಕಾಗುತ್ತದೆ.

ವೈಯಕ್ತಿಕ ತರಬೇತಿಯು ಪ್ರತ್ಯೇಕ ವೃತ್ತಿಯಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. 1954ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹಾಗೂ 1985ರಲ್ಲಿ ಆರಂಭವಾದ ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಮೊದಲಾದ ಸಂಸ್ಥೆಗಳು ತರಬೇತುದಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುತ್ತವೆ. ಇಂತಹ ಪಠ್ಯಕ್ರಮಗಳಲ್ಲಿ ಅಂಗರಚನೆ ಮತ್ತು ಶರೀರಕ್ರಿಯೆಗಳ ಜೊತೆಗೆ ಸಂವಹನವೂ ಅಧ್ಯಯನದ ವಿಷಯವಾಗಿದೆ.

ಮೊದಲ ಭೇಟಿ

ಮೊದಲ ಭೇಟಿಯ ಮುಖ್ಯ ಉದ್ದೇಶ ಕೇಳಿಸಿಕೊಳ್ಳುವುದು. ಅಭ್ಯಾಸಿಯ ವಯಸ್ಸು, ಉದ್ಯೋಗ, ನಿದ್ರೆ, ಹಿಂದಿನ ಗಾಯಗಳು, ಶಸ್ತ್ರಚಿಕಿತ್ಸೆಗಳು ಮತ್ತು ಸೇವಿಸುತ್ತಿರುವ ಔಷಧಿಗಳ ವಿವರವನ್ನು ತರಬೇತುದಾರರು ಬರೆದಿಟ್ಟುಕೊಳ್ಳುತ್ತಾರೆ. ಇದಕ್ಕಾಗಿ ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಸಾಧನವೆಂದರೆ ಪಾರ್-ಕ್ಯೂ ಎಂಬ ಪ್ರಶ್ನಾವಳಿ. ಇದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 1970ರ ದಶಕದಲ್ಲಿ ರೂಪುಗೊಂಡು ಮುಂದೆ ಪರಿಷ್ಕೃತವಾಯಿತು. ಅದರ ಪ್ರಸಿದ್ಧ ಆವೃತ್ತಿಯಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂದು ಉತ್ತರಿಸಬೇಕಾದ 7 ಪ್ರಶ್ನೆಗಳಿವೆ. ಹೃದಯದ ತೊಂದರೆ, ಶ್ರಮದ ವೇಳೆ ಹಾಗೂ ವಿಶ್ರಾಂತಿಯಲ್ಲಿ ಎದೆನೋವು, ತಲೆಸುತ್ತು ಅಥವಾ ಎಚ್ಚರ ತಪ್ಪುವಿಕೆ, ಮೂಳೆ ಮತ್ತು ಕೀಲುಗಳ ಸಮಸ್ಯೆ, ರಕ್ತದೊತ್ತಡ ಅಥವಾ ಹೃದಯಕ್ಕೆ ಸಂಬಂಧಿಸಿದ ಔಷಧಿ ಇವು ಪ್ರಶ್ನೆಗಳ ವಿಷಯಗಳು. ಯಾವುದಾದರೂ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೆ, ವ್ಯಾಯಾಮ ಆರಂಭಿಸುವ ಮುನ್ನ ವೈದ್ಯರನ್ನು ಕಾಣುವಂತೆ ಸೂಚಿಸಲಾಗುತ್ತದೆ.

ಪ್ರಶ್ನಾವಳಿಯನ್ನು ತುಂಬಿಸಿಕೊಂಡ ಮಾತ್ರಕ್ಕೆ ವಿಚಾರಣೆ ಮುಗಿಯುವುದಿಲ್ಲ. ಸೇರ್ಪಡೆಯ ಅವಸರದಲ್ಲಿ ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಗುರುತು ಹಾಕುವವರಿದ್ದಾರೆ. ‘ನಿಮಗೆ ಬಿ.ಪಿ. ಇದೆಯೇ?’ ಎಂದರೆ, ಮಾತ್ರೆಯಿಂದ ರಕ್ತದೊತ್ತಡ ಹತೋಟಿಯಲ್ಲಿರುವವರು ‘ಇಲ್ಲ’ ಎನ್ನಬಹುದು. ‘ದಿನವೂ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ. ಒಂದೇ ಪದದಲ್ಲಿ ಉತ್ತರಿಸಲಾಗದ ಇಂತಹ ಪ್ರಶ್ನೆಗಳನ್ನು ಮುಕ್ತ ಪ್ರಶ್ನೆಗಳೆನ್ನುತ್ತಾರೆ.

ಗುರಿಯನ್ನು ನಿಶ್ಚಯಿಸುವುದು

‘ತೂಕ ಇಳಿಸಬೇಕು’, ‘ಫಿಟ್ ಆಗಬೇಕು’ ಎಂಬ ಗುರಿಗಳು ಅಸ್ಪಷ್ಟವಾದವು. ಇವುಗಳ ಹಿಂದಿರುವ ಅಗತ್ಯವನ್ನು ಮಾತುಕತೆಯಿಂದ ಹೊರತರಬೇಕಾಗುತ್ತದೆ. ಮೊಮ್ಮಗುವನ್ನು ಎತ್ತಿಕೊಳ್ಳಲು ಆಗದಿರುವುದು, ಮೂರನೆಯ ಮಹಡಿಯ ಮನೆಗೆ ಹತ್ತುವಾಗ ಏದುಸಿರು ಬರುವುದು, ನೆಲದ ಮೇಲೆ ಕುಳಿತವರಿಗೆ ಕೈಯೂರದೆ ಏಳಲಾಗದಿರುವುದು ನಿಜವಾದ ಕಾರಣಗಳಾಗಿರಬಹುದು. ಅಂತಹ ಗುರಿಯನ್ನು ಅಳೆಯಲು ಬರುವ ರೂಪದಲ್ಲಿ, ಕಾಲಮಿತಿಯೊಡನೆ ಬರೆದುಕೊಳ್ಳುವುದು ವಾಡಿಕೆ. ‘ಎರಡು ತಿಂಗಳಲ್ಲಿ, ನಡುವೆ ನಿಲ್ಲದೆ ಮೂರು ಮಹಡಿ ಹತ್ತುವುದು’ ಎಂಬುದು ಇದಕ್ಕೆ ಉದಾಹರಣೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮದ ಚಟುವಟಿಕೆ ನಡೆಸಬೇಕು; ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕು. ಸ್ವಲ್ಪ ಚಟುವಟಿಕೆಯಾದರೂ ಏನೂ ಇಲ್ಲದಿರುವುದಕ್ಕಿಂತ ಮೇಲು ಎಂದೂ ಆ ಮಾರ್ಗಸೂಚಿ ಹೇಳುತ್ತದೆ. ಹೊಸಬರಿಗೆ ಈ ಎರಡನೆಯ ಮಾತನ್ನು ಮೊದಲು ತಿಳಿಸುವುದು ಹಿತಕರ.

ವ್ಯಾಯಾಮವನ್ನು ಕಲಿಸುವ ಕ್ರಮ

ಹೊಸ ಚಲನೆಯನ್ನು ಕಲಿಸಲು ಸಾಮಾನ್ಯವಾಗಿ ಮೂರು ಹೆಜ್ಜೆಗಳಿವೆ: ಹೇಳುವುದು, ಮಾಡಿ ತೋರಿಸುವುದು, ಮಾಡಿಸುವುದು. ಮೊದಲು ವ್ಯಾಯಾಮದ ಹೆಸರು ಮತ್ತು ಉದ್ದೇಶವನ್ನು ಒಂದೆರಡು ವಾಕ್ಯಗಳಲ್ಲಿ ತಿಳಿಸಲಾಗುತ್ತದೆ. ಬಳಿಕ ತರಬೇತುದಾರರು ಮುಂದಿನಿಂದಲೂ ಪಕ್ಕದಿಂದಲೂ ಕಾಣುವಂತೆ ನಿಧಾನವಾಗಿ ಮಾಡಿ ತೋರಿಸುತ್ತಾರೆ. ಕೊನೆಗೆ ಅಭ್ಯಾಸಿಯು ಭಾರವಿಲ್ಲದೆ ಅಥವಾ ಕಡಿಮೆ ಭಾರದಿಂದ ಅದನ್ನು ಮಾಡುತ್ತಾನೆ.

ಅಮೆರಿಕದ ಮನೋವಿಜ್ಞಾನಿಗಳಾದ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಅವರು 1967ರಲ್ಲಿ ಚಲನಕೌಶಲದ ಕಲಿಕೆಯನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲಿ ಕಲಿಯುವವರು ಪ್ರತಿ ಚಲನೆಯನ್ನೂ ಯೋಚಿಸಿ ಮಾಡುತ್ತಾರೆ. ಎರಡನೆಯದರಲ್ಲಿ ತಪ್ಪುಗಳು ಕಡಿಮೆಯಾಗುತ್ತವೆ. ಮೂರನೆಯದರಲ್ಲಿ ಚಲನೆ ತಾನಾಗಿಯೇ ನಡೆಯುತ್ತದೆ. ಮೊದಲ ಹಂತದಲ್ಲಿರುವವರಿಗೆ ಒಂದೇ ಉಸಿರಿನಲ್ಲಿ ಐದಾರು ಸೂಚನೆಗಳನ್ನು ಕೊಟ್ಟರೆ ಅವರು ಯಾವುದನ್ನೂ ಪಾಲಿಸಲಾರರು. ಒಂದು ಸಲಕ್ಕೆ ಒಂದೇ ತಪ್ಪನ್ನು, ಅದರಲ್ಲೂ ಗಾಯಕ್ಕೆ ದಾರಿಯಾಗಬಲ್ಲ ತಪ್ಪನ್ನು ಮೊದಲು ತಿದ್ದುವುದು ಸರಿಯಾದ ಕ್ರಮ.

ಸೂಚನೆಯ ಪದಗಳೂ ಮುಖ್ಯ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1990ರ ದಶಕದಿಂದ ನಡೆಸಿದ ಸಂಶೋಧನೆಗಳ ಪ್ರಕಾರ, ಗಮನವನ್ನು ದೇಹದ ಅಂಗದ ಮೇಲಿಡುವುದಕ್ಕಿಂತ ಚಲನೆಯು ಹೊರಗೆ ಉಂಟುಮಾಡುವ ಪರಿಣಾಮದ ಮೇಲಿಟ್ಟರೆ ಕಲಿಕೆ ಸಾಮಾನ್ಯವಾಗಿ ಉತ್ತಮವಾಗಿರುತ್ತದೆ. ‘ತೊಡೆಯ ಸ್ನಾಯುವನ್ನು ಬಿಗಿಮಾಡಿ’ ಎನ್ನುವುದು ಒಳಗಮನದ ಸೂಚನೆ. ‘ನೆಲವನ್ನು ಪಾದದಿಂದ ಒತ್ತಿ ಮೇಲೇಳಿ’ ಎನ್ನುವುದು ಹೊರಗಮನದ ಸೂಚನೆ. ಬಸ್ಕಿ ಕಲಿಸುವಾಗ ‘ಹಿಂದೆ ಮಣೆಯೊಂದಿದೆ, ಅದರ ಮೇಲೆ ಕೂರುವಂತೆ ಬಗ್ಗಿ’ ಎಂಬ ಮಾತು ಕೀಲುಗಳ ಕೋನವನ್ನು ವಿವರಿಸುವುದಕ್ಕಿಂತ ಬೇಗ ಅರ್ಥವಾಗುತ್ತದೆ. ‘ಕೋರ್ ಟೈಟ್ ಮಾಡಿ’ ಎಂಬ ಜಿಮ್ ಭಾಷೆ ತಿಳಿಯದವರಿಗೆ ‘ಕೆಮ್ಮುವಾಗ ಹೊಟ್ಟೆ ಗಟ್ಟಿಯಾಗುವಂತೆ ಹಿಡಿಯಿರಿ’ ಎನ್ನಬಹುದು.

ಉಸಿರಾಟದ ಸೂಚನೆಯನ್ನು ಮರೆಯಬಾರದು. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಕ್ಷಣಕಾಲ ತೀವ್ರವಾಗಿ ಏರುತ್ತದೆ. ಆದ್ದರಿಂದ ರಕ್ತದೊತ್ತಡ ಇರುವವರಿಗೆ ಎತ್ತುವಾಗ ಉಸಿರು ಬಿಡಲು, ಇಳಿಸುವಾಗ ಉಸಿರು ತೆಗೆದುಕೊಳ್ಳಲು ಹೇಳಲಾಗುತ್ತದೆ. ಅಭ್ಯಾಸಿಯಿಂದ ಎಣಿಕೆಯನ್ನು ಗಟ್ಟಿಯಾಗಿ ಹೇಳಿಸುವುದು ಇದಕ್ಕೆ ಸುಲಭ ಉಪಾಯ; ಎಣಿಸುವವರು ಉಸಿರು ಹಿಡಿದಿರಲಾರರು.

ಶ್ರಮದ ಅಳತೆ

ಒಂದೇ ಭಾರ ಒಬ್ಬರಿಗೆ ಹಗುರ, ಇನ್ನೊಬ್ಬರಿಗೆ ಅತಿ. ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ಹೇಳಲು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಅವರು 6ರಿಂದ 20ರವರೆಗಿನ ಅಳತೆಪಟ್ಟಿಯನ್ನು ರೂಪಿಸಿದರು. ಅದರಲ್ಲಿ 6 ಎಂದರೆ ಯಾವ ಶ್ರಮವೂ ಇಲ್ಲ, 20 ಎಂದರೆ ಗರಿಷ್ಠ ಶ್ರಮ. ಅಭ್ಯಾಸಿ ಹೇಳಿದ ಅಂಕಿಯನ್ನು 10ರಿಂದ ಗುಣಿಸಿದರೆ, ಆರೋಗ್ಯವಂತ ಯುವಕರಲ್ಲಿ ಸುಮಾರಾಗಿ ಆಗಿನ ಹೃದಯಬಡಿತ ದೊರೆಯುತ್ತದೆ. 0ಯಿಂದ 10ರವರೆಗಿನ ಸರಳ ಪಟ್ಟಿಯೂ ಬಳಕೆಯಲ್ಲಿದೆ. ಬೀಟಾ ಬ್ಲಾಕರ್ ಔಷಧಿ ಸೇವಿಸುವವರ ಹೃದಯಬಡಿತ ಶ್ರಮಕ್ಕೆ ತಕ್ಕಂತೆ ಏರದಿರುವುದರಿಂದ, ಅವರ ವಿಷಯದಲ್ಲಿ ನಾಡಿಗಿಂತ ಅವರ ಮಾತೇ ಹೆಚ್ಚು ನಂಬಲರ್ಹ.

ಇನ್ನೂ ಸುಲಭವಾದದ್ದು ಮಾತಿನ ಪರೀಕ್ಷೆ. ವ್ಯಾಯಾಮದ ನಡುವೆ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಶ್ರಮ ಮಧ್ಯಮ ಮಟ್ಟದ್ದು. ಕೆಲವೇ ಪದಗಳ ಬಳಿಕ ಉಸಿರಿಗಾಗಿ ನಿಲ್ಲಬೇಕಾದರೆ ಅದು ತೀವ್ರ ಮಟ್ಟದ್ದು.

ನೋವಿನ ಭಾಷೆ

ತರಬೇತುದಾರರ ಸಂವಹನದಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ ಇದು. ಕನ್ನಡದಲ್ಲಿ ದೇಹದ ತೊಂದರೆಯನ್ನು ಸುಸ್ತು, ಸೆಳೆತ, ಉರಿ, ಜೋಮು, ಹಿಡಿತ, ಚುಚ್ಚು ಎಂದು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಾರೆ. ಕೆಲಸಮಾಡುತ್ತಿರುವ ಸ್ನಾಯುವಿನಲ್ಲಿ ಉರಿ ಅಥವಾ ಸುಸ್ತು ಸಹಜ. ಕೀಲಿನಲ್ಲಿ ಚುಚ್ಚಿದಂತಾಗುವುದು, ಕೈಕಾಲಿಗೆ ಜೋಮು ಹಿಡಿಯುವುದು, ಬೆನ್ನಿನಿಂದ ಕಾಲಿಗೆ ಇಳಿಯುವ ಸೆಳೆತ ಇವು ವ್ಯಾಯಾಮವನ್ನು ನಿಲ್ಲಿಸಬೇಕಾದ ಸೂಚನೆಗಳು. ಆದುದರಿಂದ ‘ನೋವಿದೆಯೇ?’ ಎಂದಷ್ಟೇ ಕೇಳದೆ ‘ಎಲ್ಲಿ, ಹೇಗೆ, ಯಾವಾಗಿನಿಂದ?’ ಎಂದು ಕೇಳಬೇಕಾಗುತ್ತದೆ.

ಹೊಸ ವ್ಯಾಯಾಮದ ನಂತರ ಬರುವ ಮೈಕೈ ನೋವು 24ರಿಂದ 72 ಗಂಟೆಗಳೊಳಗೆ ಹೆಚ್ಚಾಗಿ ಕ್ರಮೇಣ ಇಳಿಯುತ್ತದೆ. ಇದನ್ನು ಮುಂಚಿತವಾಗಿ ತಿಳಿಸದಿದ್ದರೆ ಅಭ್ಯಾಸಿಯು ಗಾಯವಾಗಿದೆಯೆಂದು ಹೆದರಿ ವ್ಯಾಯಾಮವನ್ನೇ ಬಿಡಬಹುದು. ಆದರೆ ವಿಪರೀತ ನೋವು ಮತ್ತು ಊತದೊಡನೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅದು ಸ್ನಾಯುಗಳು ಕರಗುತ್ತಿರುವುದರ ಲಕ್ಷಣವಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎದೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಎದೆ ಭಾರವಾಗುವುದು, ನೋವು ಭುಜ, ಕೈ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಅಸಹಜ ಏದುಸಿರು, ತಲೆಸುತ್ತು ಇವು ಹೃದಯಾಘಾತದ ಲಕ್ಷಣಗಳಾಗಿರಬಹುದು. ಇವನ್ನು ಅನೇಕರು ‘ಗ್ಯಾಸ್’ ಎಂದು ಹೇಳಿ ಮುಂದುವರಿಯುತ್ತಾರೆ. ಮಹಿಳೆಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಎದೆನೋವು ಸ್ಪಷ್ಟವಾಗಿ ಕಾಣದೆಯೂ ಇರಬಹುದು. ಅಂತಹ ಮಾತು ಕಿವಿಗೆ ಬಿದ್ದೊಡನೆ ವ್ಯಾಯಾಮ ನಿಲ್ಲಿಸಿ, ವೈದ್ಯಕೀಯ ನೆರವು ಪಡೆಯಬೇಕು. ಕರ್ನಾಟಕದಲ್ಲಿ ಆಂಬ್ಯುಲೆನ್ಸ್ ಸೇವೆಗೆ 108 ಸಂಖ್ಯೆಗೆ ಕರೆಮಾಡಬಹುದು. 2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದ ಬಳಿಕ, ವ್ಯಾಯಾಮ ಮತ್ತು ಹೃದಯದ ಆರೋಗ್ಯದ ಕುರಿತು ರಾಜ್ಯದಲ್ಲಿ ವ್ಯಾಪಕ ಚರ್ಚೆ ನಡೆಯಿತು. ಅನೇಕರು ಹೃದಯ ತಪಾಸಣೆಗೆ ಮುಂದಾದರು. ಕ್ರಮಬದ್ಧ ವ್ಯಾಯಾಮ ಹೃದಯಕ್ಕೆ ಹಿತಕರವೆಂಬುದು ಸ್ಥಾಪಿತ ಸಂಗತಿ. ಆದರೆ ಗಟ್ಟಿಮುಟ್ಟಾದ ದೇಹವೊಂದೇ ಹೃದಯದ ಆರೋಗ್ಯಕ್ಕೆ ಪ್ರಮಾಣವಾಗದು.

ಅಭ್ಯಾಸಿಗಳು ಮೌನವಾಗಿರಲು ಹಲವು ಕಾರಣಗಳಿವೆ. ಕಿರಿಯರ ಮುಂದೆ ಸೋಲಬಾರದೆಂಬ ಬಿಂಕ, ತರಬೇತುದಾರರು ಬೇಸರಪಟ್ಟಾರೆಂಬ ಸಂಕೋಚ, ಕಟ್ಟಿದ ಶುಲ್ಕ ವ್ಯರ್ಥವಾದೀತೆಂಬ ಚಿಂತೆ ಇವು ಸಾಮಾನ್ಯ. ‘ಇನ್ನೆರಡು ಮಾಡಿ, ಏನೂ ಆಗುವುದಿಲ್ಲ’ ಎಂಬ ಒತ್ತಾಯ ಈ ಮೌನವನ್ನು ಹೆಚ್ಚಿಸುತ್ತದೆ. ನಿಲ್ಲಿಸುವುದು ಅಭ್ಯಾಸಿಯ ಹಕ್ಕೆಂದು ಮೊದಲ ದಿನವೇ ಹೇಳಿ, ನಿಲ್ಲಿಸಿದವರನ್ನು ಹಾಸ್ಯಮಾಡದಿದ್ದರೆ ಮಾತ್ರ ಅವರು ನಿಜ ಹೇಳುತ್ತಾರೆ.

ಪ್ರೇರಣೆ ಮತ್ತು ಪ್ರತಿಕ್ರಿಯೆ

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಅವರು 1983ರಲ್ಲಿ ಮೊದಲು ವಿವರಿಸಿದ, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಡನೆ ಬೆಳೆಸಿದ ‘ಪ್ರೇರಣಾತ್ಮಕ ಸಂದರ್ಶನ’ ಎಂಬ ವಿಧಾನ ಮೂಲತಃ ಮದ್ಯವ್ಯಸನದ ಚಿಕಿತ್ಸೆಗೆ ಸಂಬಂಧಿಸಿದ್ದು. ಮುಕ್ತ ಪ್ರಶ್ನೆ, ಮೆಚ್ಚುಗೆ, ಕೇಳಿದ್ದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು ಮತ್ತು ಸಾರಾಂಶ ಇವು ಅದರ ನಾಲ್ಕು ಉಪಕ್ರಮಗಳು. ಬದಲಾವಣೆಯ ಕಾರಣಗಳನ್ನು ಅಭ್ಯಾಸಿಯ ಬಾಯಿಂದಲೇ ಬರುವಂತೆ ಮಾಡುವುದು ಇದರ ತಿರುಳು. ಎರಡು ವಾರ ಬಾರದವರಿಗೆ ‘ಏಕೆ ತಪ್ಪಿಸಿಕೊಂಡಿರಿ?’ ಎನ್ನುವ ಬದಲು ‘ಈ ವಾರ ಯಾವ ಹೊತ್ತು ಅನುಕೂಲವಾದೀತು?’ ಎಂದು ಕೇಳಿದರೆ ಅವರು ಮರಳಿ ಬರುವ ಸಾಧ್ಯತೆ ಹೆಚ್ಚು.

ಮೆಚ್ಚುಗೆ ನಿರ್ದಿಷ್ಟವಾಗಿರಬೇಕು. ‘ಸೂಪರ್’ ಎಂಬ ಉದ್ಗಾರದಿಂದ ಅಭ್ಯಾಸಿಗೆ ಏನೂ ತಿಳಿಯುವುದಿಲ್ಲ. ‘ಈ ಸಲ ಹಿಮ್ಮಡಿ ನೆಲ ಬಿಡಲಿಲ್ಲ’ ಎಂಬ ಮಾತಿನಿಂದ ತಾನು ಸರಿಯಾಗಿ ಮಾಡಿದ್ದೇನೆಂದು ತಿಳಿಯುತ್ತದೆ. ದೇಹದ ಗಾತ್ರ, ಬಣ್ಣ ಅಥವಾ ವಯಸ್ಸಿನ ಕುರಿತ ಟೀಕೆ ವೃತ್ತಿಧರ್ಮಕ್ಕೆ ವಿರುದ್ಧ.

ಸ್ಪರ್ಶ, ಗೌಪ್ಯತೆ ಮತ್ತು ವೃತ್ತಿಯ ಮಿತಿ

ಭಂಗಿಯನ್ನು ತಿದ್ದಲು ಮುಟ್ಟಬೇಕಾದಾಗ, ಎಲ್ಲಿ ಮತ್ತು ಏಕೆ ಎಂದು ತಿಳಿಸಿ, ಪ್ರತಿ ಬಾರಿಯೂ ಅನುಮತಿ ಕೇಳಬೇಕು. ಮಾತಿನಿಂದ, ಕನ್ನಡಿಯಿಂದ ಅಥವಾ ಕೋಲಿನ ಆಸರೆಯಿಂದ ತಿದ್ದಲು ಸಾಧ್ಯವಿದ್ದರೆ ಸ್ಪರ್ಶದ ಅಗತ್ಯವಿಲ್ಲ. ಅಭ್ಯಾಸಿಯ ತೂಕ, ರೋಗದ ವಿವರ ಮತ್ತು ಛಾಯಾಚಿತ್ರಗಳನ್ನು ಅನುಮತಿಯಿಲ್ಲದೆ ಇತರರಿಗೆ ತೋರಿಸುವಂತಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ವೀಡಿಯೊ ಕರೆಯ ಮೂಲಕ ಕಲಿಸುವಾಗ ಅಭ್ಯಾಸಿಯ ಇಡೀ ದೇಹ ಕಾಣುವಂತೆ ಕ್ಯಾಮೆರಾವನ್ನು ಇಡಿಸುವುದು, ಸಮೀಪದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿಟ್ಟುಕೊಳ್ಳುವುದು ಅವಶ್ಯಕ.

ರೋಗನಿರ್ಣಯ, ಔಷಧಿಯ ಬದಲಾವಣೆ ಮತ್ತು ಚಿಕಿತ್ಸಾ ಆಹಾರಕ್ರಮಗಳು ವೈದ್ಯರ ಹಾಗೂ ಪೌಷ್ಟಿಕತಜ್ಞರ ಕ್ಷೇತ್ರಗಳು. ‘ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದೇ?’ ಎಂಬ ಪ್ರಶ್ನೆಗೆ ತರಬೇತುದಾರರು ಕೊಡಬಹುದಾದ ಉತ್ತರವೆಂದರೆ ವೈದ್ಯರನ್ನು ಕೇಳಿ ಎಂಬುದು. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ವ್ಯಾಯಾಮದಿಂದ ರಕ್ತದ ಸಕ್ಕರೆ ಅತಿಯಾಗಿ ಇಳಿಯಬಹುದು. ನಡುಕ, ಬೆವರು, ಗೊಂದಲದ ಮಾತು ಇದರ ಲಕ್ಷಣಗಳು. ಇಂತಹವರು ಊಟ ಮಾಡಿ ಬಂದಿದ್ದಾರೆಯೇ ಎಂದು ಪ್ರತಿದಿನ ವಿಚಾರಿಸುವುದು ಮತ್ತು ಸಕ್ಕರೆ ಅಥವಾ ಗ್ಲೂಕೋಸ್ ಕೈಗೆ ಸಿಗುವಂತೆ ಇರಿಸುವುದು ತರಬೇತುದಾರರ ಕರ್ತವ್ಯದಲ್ಲಿ ಸೇರಿದೆ.