ಮನೆಗೆ ಮುನ್ನ ಹಾವುಗಳ ಗಣತಿ
ಇಂಗ್ಲೆಂಡಿನ ನಮ್ಮ ಹಿತ್ತಿಲಿನ ಪೊದೆಗಳ ಜಾಗದಲ್ಲಿ, ಎಂಬತ್ತು ದಾಟಿದ ಅಮ್ಮನಿಗಾಗಿ ಕೋಣೆ ಕಟ್ಟಲು ಅರ್ಜಿ ಹಾಕಿದೆ. ಮೊದಲು ಸರೀಸೃಪ ಸಮೀಕ್ಷೆಯಾಗಲಿ ಎಂಬ ಉತ್ತರ ಬಂದಿತು.

ಬ್ರಿಟನ್ನಿನ 6 ಸ್ಥಳೀಯ ಸರೀಸೃಪಗಳಿಗೂ 1981ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಉದ್ದೇಶಪೂರ್ವಕವಾಗಿ ಕೊಲ್ಲುವುದು ಅಪರಾಧ. ಚಳಿಗಾಲದಲ್ಲಿ ಅವು ಸುಪ್ತವಾಗಿರುವುದರಿಂದ ವಸಂತದವರೆಗೆ ಕಾದೆವು. ತಜ್ಞೆಯೊಬ್ಬರು ಹುಲ್ಲಿನಲ್ಲಿ ತಗಡುಗಳನ್ನು ಹಾಸಿ, ಎಳೆಬಿಸಿಲಿನ ದಿನಗಳಲ್ಲಿ 7 ಬಾರಿ ಬಂದು ಎತ್ತಿ ನೋಡಿದರು. ಅಡಿಯಲ್ಲಿ ಸ್ಲೋ ವರ್ಮ್ ಎಂಬ, ಹಾವಿನಂತೆ ತೋರುವ ಕಾಲಿಲ್ಲದ ಹಲ್ಲಿಗಳಿದ್ದವು. ಅವುಗಳನ್ನು ಸುರಕ್ಷಿತವಾಗಿ ಸ್ಥಳಾಂತರಿಸಿ ಅಡಿಪಾಯ ತೋಡುವಷ್ಟರಲ್ಲಿ ವರ್ಷವೇ ಕಳೆಯಿತು.

ದೂರವಾಣಿಯಲ್ಲಿ ನನ್ನ ಅಸಹನೆಯನ್ನು ಕೇಳಿದ ಅಮ್ಮ, “ನಾಗಬನ ಬಿಟ್ಟು ಮನೆ ಕಟ್ಟಿದವರಲ್ಲವೇನೋ ನಾವು? ನಾನು ಕಾಯುತ್ತೇನೆ” ಎಂದರು.

ಇಲ್ಲಿ ನಿವೇಶನ ಕೊಳ್ಳುವವರು ಹಣದೊಡನೆ ಋತುಗಳನ್ನೂ ಲೆಕ್ಕ ಹಾಕಬೇಕು. ವೃದ್ಧ ತಾಯಿತಂದೆಯರ ವಯಸ್ಸನ್ನೂ.