ಜಾನ್ಸನ್ ಲೆಜೆಂಡಾ? ಜಗಳ ಇನ್ನೂ ಮುಗಿದಿಲ್ಲ

ಜಗಳ ಶುರುವಾಗಿದ್ದು ನೋಟ್‌ಬುಕ್ಕಿನ ಕೊನೇ ಹಾಳೆಯಿಂದ. ಸಂಜೆ ಪ್ರಾಕ್ಟೀಸ್ ಮುಗಿಸಿ ಕಾಲೇಜು ಗೇಟಿನ ಎದುರಿನ ಟೀ ಅಂಗಡಿ ಕಟ್ಟೆ ಮೇಲೆ ಕೂತಿದ್ದೆವು. ‘ಬೆಂಗಳೂರು ಎಫ್‌ಸಿಯ ಸಾರ್ವಕಾಲಿಕ ಇಲೆವೆನ್ ಬರೆಯೋಣ್ವಾ?’ ಅಂತ ಯಾರೋ ಅಂದರು. ನಮ್ಮ ಗೋಲ್‌ಕೀಪರ್ ಬ್ಯಾಗಿನಿಂದ ಪೆನ್ಸಿಲ್ ತೆಗೆದ.

ಮೊದಲ ಹೆಸರಿಗೆ ಚರ್ಚೆಯೇ ಇರಲಿಲ್ಲ. ಸುನಿಲ್ ಚೆಟ್ರಿ. ಗೋಲ್‌ಕೀಪರ್ ಜಾಗಕ್ಕೆ ಗುರ್‌ಪ್ರೀತ್. ಮಿಡ್‌ಫೀಲ್ಡಿಗೆ ಯೂಜಿನ್‌ಸನ್ ಲಿಂಗ್ಡೊ, ಮುಂದೆ ಮಿಕು. ಹೆಸರುಗಳು ಪಟಪಟ ಬಿದ್ದವು. ಹಿಂದಿನ ಸಾಲಿಗೆ ಬಂದಾಗ ಹುವಾನನ್ ಅಂತ ಒಬ್ಬ ಹೇಳಿದ, ಎಲ್ಲರೂ ಹೂಂ ಅಂದರು. ಪಕ್ಕದ ಜಾಗಕ್ಕೆ ನಾನು ‘ಜಾನ್ ಜಾನ್ಸನ್’ ಅಂದೆ. ಪೆನ್ಸಿಲ್ ನಿಂತಿತು.

‘ಮಗಾ, ಐದು ವರ್ಷ ಆಡಿ ಹೋದೋನು. ಅದೂ ಎಲ್ಲಿಗೆ? ಎಟಿಕೆಗೆ!’

‘ಫಾರಿನ್ ಪ್ಲೇಯರ್ ಕಣೋ. ಕಾಸು ಕೊಟ್ರು, ಆಡಿದ. ಅದರಲ್ಲಿ ಲೆಜೆಂಡ್ ಏನು ಬಂತು?’

‘2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ಲೆಜೆಂಡ್ ಬೇರೆ ಕೇಡು!’

ಕೊನೇ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಚುರ್ ಅಂದಿತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಜಾನ್ಸನ್ ಇಂಗ್ಲೆಂಡಿನ ಮಿಡಲ್ಸ್‌ಬರೋ ಅಕಾಡೆಮಿಯಲ್ಲಿ ಬೆಳೆದು, ನಾರ್ಥಾಂಪ್ಟನ್ ಟೌನ್‌ಗೆ ಆಡಿ, 2013ರಲ್ಲಿ ಬೆಂಗಳೂರಿಗೆ ಬಂದವರು. ಆಗ ನಮ್ಮ ಕ್ಲಬ್ಬಿಗೆ ಒಂದು ಪಂದ್ಯದ ಇತಿಹಾಸವೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೀನ್ಯಾದ ಕರ್ಟಿಸ್ ಒಸಾನೊ ಪಕ್ಕದಲ್ಲಿ ನಿಂತರು. ಆ ಮೊದಲ ಸೀಸನ್ನಿನಲ್ಲೇ ತಂಡ ಐ-ಲೀಗ್ ಗೆದ್ದಿತು. ಅವರು ಇದ್ದ ಐದು ಸೀಸನ್‌ಗಳಲ್ಲಿ ಕ್ಲಬ್ 2 ಐ-ಲೀಗ್, 2 ಫೆಡರೇಷನ್ ಕಪ್, ಒಂದು ಸೂಪರ್ ಕಪ್ ಎತ್ತಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. ಅದಕ್ಕೂ ಮೊದಲು ಭಾರತದ ಯಾವ ಕ್ಲಬ್ಬೂ ಅಲ್ಲಿವರೆಗೆ ಹೋಗಿರಲಿಲ್ಲ.

ಇದನ್ನೆಲ್ಲ ಹೇಳಿದೆ. ‘ಕಪ್ ಗೆದ್ದಿದ್ದು ಟೀಮು, ಒಬ್ಬನಲ್ಲ’ ಅಂದರು. ಅದೂ ಸರಿಯೇ. ಸ್ಟ್ರೈಕರ್ ಹೊಡೆದ ಗೋಲು ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ಡಿಫೆಂಡರ್ ತಡೆದ ಗೋಲು ಆಗಲೇ ಇಲ್ಲವಲ್ಲ, ಅದನ್ನು ಎಲ್ಲಿ ಬರೆಯುವುದು?

ಹಾಗಂತ ಜಾನ್ಸನ್ ಹೆಸರು ಸ್ಕೋರ್‌ಬೋರ್ಡಿನಲ್ಲಿ ಬಂದ ಒಂದು ದಿನ ನನಗೆ ಮರೆಯಲು ಆಗುವುದಿಲ್ಲ. 2015ರ ಮೇ 31, ಭಾನುವಾರ. ಬೇಸಿಗೆ ರಜೆ ಮುಗಿದು ಮರುದಿನ ಸ್ಕೂಲು. ಅಮ್ಮ ಬೇಡ ಅಂದರೂ ಅಣ್ಣ ನನ್ನನ್ನು ಗಾಡಿ ಹಿಂದೆ ಕೂರಿಸಿಕೊಂಡು ಕಂಠೀರವಕ್ಕೆ ಕರೆದೊಯ್ದ. ಐ-ಲೀಗಿನ ಕೊನೇ ಪಂದ್ಯ, ಎದುರಾಳಿ ಮೋಹನ್ ಬಾಗಾನ್. ನಾವು ಗೆದ್ದರೆ ಕಪ್ ನಮ್ಮದು, ಡ್ರಾ ಆದರೂ ಅವರದು. 41ನೇ ನಿಮಿಷದಲ್ಲಿ ಗೋಲು! ಹೊಡೆದವರು ಜಾನ್ಸನ್. ಅಣ್ಣ ನನ್ನನ್ನು ಎತ್ತಿ ಗಾಳಿಯಲ್ಲಿ ತೂರಿದ್ದು ನೆನಪಿದೆ.

ಆಮೇಲೆ ಒಂದೊಂದೇ ನಿಮಿಷ ಎಣಿಸುತ್ತ ಕೂತೆವು. ಎಂಬತ್ತು ದಾಟಿತು. 87ನೇ ನಿಮಿಷಕ್ಕೆ ಬಾಗಾನ್‌ಗೆ ಒಂದು ಕಾರ್ನರ್. ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಕಪ್ ಕೋಲ್ಕತ್ತಾಗೆ ಹೋಯಿತು. ಎರಡೇ ಪಾಯಿಂಟಿನಲ್ಲಿ ನಾವು ಎರಡನೆಯವರು. ಐದನೇ ಕ್ಲಾಸಿಗೆ ಹೋಗಬೇಕಿದ್ದ ನಾನು ಮನೆ ತಲುಪುವವರೆಗೂ ಅಳುತ್ತಲೇ ಇದ್ದೆ.

ಅಲ್ಲಿಂದ ನನಗೆ ಕಾರ್ನರ್ ಅಂದರೆ ಭಯ. 2018ರ ಮಾರ್ಚ್ 17ರಂದು ಆ ಭಯ ಇನ್ನೂ ಜಾಸ್ತಿಯಾಯಿತು. ನಮ್ಮದು ಐಎಸ್‌ಎಲ್‌ನ ಮೊದಲ ಸೀಸನ್. ಲೀಗ್ ಹಂತದ 18 ಪಂದ್ಯಗಳಲ್ಲಿ 40 ಪಾಯಿಂಟ್, ಎಲ್ಲರಿಗಿಂತ ಮೇಲೆ. ಬಿಟ್ಟುಕೊಟ್ಟ ಗೋಲು ಬರೀ 16. ಫೈನಲ್ಲೂ ಕಂಠೀರವದಲ್ಲೇ. 9ನೇ ನಿಮಿಷಕ್ಕೆ ಚೆಟ್ರಿ ಗೋಲು ಹೊಡೆದಾಗ ಮುಗೀತು ಅಂದುಕೊಂಡೆವು. ಆದರೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್ ಹೊಡೆದ. ಕೊನೆಗೆ 2-3.

ಏಳನೇ ಕ್ಲಾಸಿನ ಹುಡುಗನ ಸಿಟ್ಟಿಗೆ ಯಾರಾದರೂ ಬೇಕಲ್ಲ? ನಾನು ಹಿಂದಿನ ಸಾಲಿನವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ಇಡೀ ಲೀಗ್ ಹಂತದಲ್ಲಿ ಬಿಟ್ಟುಕೊಟ್ಟಿದ್ದು ಹದಿನಾರೇ ಗೋಲು ಅನ್ನುವುದು ಆ ರಾತ್ರಿ ನೆನಪಿಗೇ ಬರಲಿಲ್ಲ. ಆ ಸೀಸನ್ ಮುಗಿದ ಮೇಲೆ ಜಾನ್ಸನ್ ಕ್ಲಬ್ ಬಿಟ್ಟರು. ನಾನು ಬೇಜಾರೂ ಮಾಡಿಕೊಳ್ಳಲಿಲ್ಲ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಬುದ್ಧಿ ಬಂದಿದ್ದು ನಾನೇ ಹಿಂದೆ ನಿಂತಾಗ.

ಪಿಯುಸಿವರೆಗೆ ನಾನು ಫಾರ್ವರ್ಡ್. ಡಿಗ್ರಿಗೆ ಬಂದಮೇಲೆ ನಮ್ಮ ಸ್ಟಾಪರ್ ಕಾಲು ಮುರಿದುಕೊಂಡ. ಕೋಚ್ ಸರ್ ನನ್ನ ಎತ್ತರ ನೋಡಿ ‘ನೀನು ಹಿಂದೆ ಹೋಗು’ ಅಂದರು. ಶಿಕ್ಷೆ ಕೊಟ್ಟ ಹಾಗಾಯಿತು. ಮೊದಲೆರಡು ತಿಂಗಳು ಬಾಲ್ ಹಿಂದೆ ಓಡಿ ಓಡಿ ಸುಸ್ತಾದೆ. ‘ಬಾಲ್ ನೋಡಬೇಡ್ವೋ, ಅದು ಬರೋ ಜಾಗ ನೋಡು’ ಅಂತ ಸರ್ ದಿನಾ ಕೂಗುತ್ತಿದ್ದರು. ನಿಧಾನಕ್ಕೆ ಗೊತ್ತಾಯಿತು. ಎದುರಾಳಿ ಓಡುವ ಮೊದಲೇ ಎರಡು ಹೆಜ್ಜೆ ಸರಿದು ನಿಂತರೆ ಅವನಿಗೆ ಪಾಸ್ ಬರುವುದೇ ಇಲ್ಲ. ನೋಡುವವರಿಗೆ ನಾನು ಸುಮ್ಮನೆ ನಿಂತ ಹಾಗೆ ಕಾಣುತ್ತದೆ. ಚಪ್ಪಾಳೆಯಂತೂ ಇಲ್ಲ.

ಕಳೆದ ವರ್ಷ ಇಂಟರ್‌ಕಾಲೇಜ್ ಕ್ವಾರ್ಟರ್ ಫೈನಲ್. 0-0. ಇನ್ನೇನು ಪೆನಾಲ್ಟಿ ಶೂಟೌಟ್ ಅನ್ನುವಾಗ ಅವರಿಗೆ ಕಾರ್ನರ್. ನಾನು ಹಿಡಿಯಬೇಕಿದ್ದ ಹುಡುಗ ನನ್ನ ಮುಂದೆ ನುಗ್ಗಿ ಹೆಡ್ ಮಾಡಿದ. ಮುಗೀತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಯಾರೂ ಬೈಯಲಿಲ್ಲ, ಅದೇ ದೊಡ್ಡ ಹಿಂಸೆ. ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಅವನೀಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ.

‘ಅಣ್ಣಾ, ನಾನು ಇನ್ನು ಆಡಲ್ಲ. ಆಡಿದ್ರೂ ಹಿಂದೆ ಅಂತೂ ನಿಲ್ಲಲ್ಲ.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಬಾಗಾನ್ ಮ್ಯಾಚ್ ನೆನಪಿದೆಯೇನೋ?’ ಅಂದ.

‘ಮರೆಯೋಕಾಗತ್ತಾ?’

‘ಮುಂದಿನ ವರ್ಷ ಏನಾಯ್ತು?’

‘ಕಪ್ ಗೆದ್ವಿ.’

‘ಎಲ್ಲಿ?’

‘ಕಂಠೀರವದಲ್ಲೇ. ಸಾಲ್ಗಾಂವ್ಕರ್ ಮೇಲೆ, 2-0.’

‘ಆ ಸೀಸನ್ ಅವನು ಎಲ್ಲಿದ್ದ?’

ಅವನು ಯಾರು ಅಂತ ಕೇಳಬೇಕಾಗಿರಲಿಲ್ಲ.

‘ಇಲ್ಲೇ ಇದ್ದ.’

‘ಹೂಂ. ಊಟ ಮಾಡಿ ಮಲಕ್ಕೋ’ ಅಂತ ಫೋನ್ ಇಟ್ಟ.

ಆ ರಾತ್ರಿ ನಿದ್ದೆ ಬರಲಿಲ್ಲ. 2015ರ ಮೇ 31ರ ಆಟ ಮೂರು ನಿಮಿಷದಲ್ಲಿ ಕೈತಪ್ಪಿತು. 2016ರ ಏಪ್ರಿಲ್ 17ಕ್ಕೆ ಅದೇ ಮೈದಾನದಲ್ಲಿ ಕಪ್ ಬಂತು. ನಡುವೆ ಸುಮಾರು ಹತ್ತೂವರೆ ತಿಂಗಳು. ಬಿಟ್ಟು ಹೋಗಬಹುದಿತ್ತು. ವಿದೇಶಿ ಆಟಗಾರರು ವರ್ಷ ವರ್ಷ ಬದಲಾಗುವುದು ನಮ್ಮಲ್ಲಿ ಹೊಸದೇನಲ್ಲ. 2017ರಲ್ಲಿ ಕ್ಲಬ್ ಐಎಸ್‌ಎಲ್‌ಗೆ ಹೋದಾಗ ವಿನೀತ್, ರಿನೊ ಆಂಟೊ, ಲಿಂಗ್ಡೊ ಎಲ್ಲ ಬೇರೆ ತಂಡಗಳ ಪಾಲಾದರು. ಮೊದಲ ಸೀಸನ್ನಿನಿಂದ ಉಳಿದ ಹೆಸರುಗಳು ಬೆರಳೆಣಿಕೆಯವು. ಒಂದು ಚೆಟ್ರಿ, ಇನ್ನೊಂದು ಜಾನ್ಸನ್.

ಟೀ ಅಂಗಡಿಯಲ್ಲಿ ಇದನ್ನೇ ಹೇಳಿದೆ. ‘ಎಷ್ಟು ವರ್ಷ ಆಡಿದ ಅನ್ನೋದು ಒಂದು ಲೆಕ್ಕ. ಸೋತ ಮೇಲೆ ಅದೇ ಜಾಗಕ್ಕೆ ವಾಪಸ್ ಬಂದು ನಿಂತನಾ ಅನ್ನೋದು ಇನ್ನೊಂದು ಲೆಕ್ಕ. ನನಗೆ ಎರಡನೇದು ದೊಡ್ಡದು.’

ಗೋಲ್‌ಕೀಪರ್ ಒಪ್ಪಲಿಲ್ಲ. ‘ಹಾಗೆ ನೋಡಿದ್ರೆ ವಾಪಸ್ ಬಂದೋರೆಲ್ಲ ಲೆಜೆಂಡೇ. ಆ ಪದಕ್ಕೆ ಬೆಲೆ ಬೇಡ್ವಾ? ಹೊರಗಿನ ದೊಡ್ಡ ಕ್ಲಬ್ಬುಗಳಲ್ಲಿ ನಾನೂರು, ಐನೂರು ಮ್ಯಾಚ್ ಆಡಿದೋರೇ ಕ್ಯೂನಲ್ಲಿ ನಿಂತಿರ್ತಾರೆ.’

ಅವನ ಮಾತಿನಲ್ಲೂ ಅರ್ಥವಿದೆ. ನಾವು ಲೆಜೆಂಡ್ ಅನ್ನುವ ಪದವನ್ನು ಬರ್ತ್‌ಡೇ ಸ್ಟೇಟಸ್ಸಿಗೂ ಬಳಸಿ ಸವೆಸಿದ್ದೇವೆ. ಆದರೆ ನೂರು ವರ್ಷ ದಾಟಿದ ಕ್ಲಬ್ಬಿಗೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ಹೊಸ ಆಟಗಾರನಿಗೆ ನೋಡಿ ಕಲಿಯಲು ಹಳಬರು ಇರುತ್ತಾರೆ. ಇಲ್ಲಿ 2013ರಲ್ಲಿ ಯಾರಿದ್ದರು? ಬೆಂಗಳೂರು ಎಫ್‌ಸಿ ಅಂದರೆ ಹೀಗೆ ಆಡಬೇಕು ಅಂತ ಹೇಳಿಕೊಡಲು ಒಬ್ಬರೂ ಇರಲಿಲ್ಲ. ಅಂದು ಆಡಿದವರೇ ಅದನ್ನು ಆಡಿ ತೋರಿಸಬೇಕಾಯಿತು. ಮನೆಗೆ ಪಾಯ ಹಾಕಿದವರ ಹೆಸರನ್ನು ಬಾಗಿಲ ಮೇಲೆ ಬರೆಯದಿದ್ದರೂ ಮನೆಯವರಿಗಾದರೂ ಗೊತ್ತಿರಬೇಕಲ್ಲವೇ?

‘ಎಟಿಕೆಗೆ ಹೋದ್ನಲ್ಲ, ಅದಕ್ಕೇನಂತೀಯಾ?’ ಅಂತ ಇನ್ನೊಬ್ಬ ಕೆಣಕಿದ.

‘ಐದು ವರ್ಷ ನಮ್ಮ ಮನೇಲಿ ದುಡಿದು ಬೇರೆ ಕಡೆ ಕೆಲಸಕ್ಕೆ ಹೋದ. ನಮ್ಮ ಅಣ್ಣ ಪುಣೆಗೆ ಹೋಗಿಲ್ವಾ? ಅದಕ್ಕೆ ಅಣ್ಣ ಅಲ್ಲ ಅಂತೀನಾ?’ ಅಂದೆ. ಅದಕ್ಕೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ. ಟೀ ತಣ್ಣಗಾಗಿತ್ತು.

ಕೊನೆಗೆ ಗೋಲ್‌ಕೀಪರ್ ಹಾಳೆಯಲ್ಲಿ ಹುವಾನನ್ ಪಕ್ಕದಲ್ಲಿ ಜಾನ್ಸನ್ ಅಂತ ಬರೆದ. ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ‘ಇದು ನಿನಗೋಸ್ಕರ. ಒಪ್ಪಿದ್ದೀನಿ ಅಂತ ತಿಳ್ಕೋಬೇಡ’ ಅಂದ. ಪರವಾಗಿಲ್ಲ. ಪೆನ್ಸಿಲ್ಲಿನ ಗುರುತು, ಯಾವತ್ತಾದರೂ ಅಳಿಸಬಹುದು.

ಅಂದಹಾಗೆ, ಕ್ವಾರ್ಟರ್ ಫೈನಲ್ ಸೋತ ಮರುವಾರ ನಾನು ಗ್ರೌಂಡಿಗೆ ಹೋಗಿದ್ದೆ. ‘ಎಲ್ಲಿ ನಿಲ್ತೀಯೋ?’ ಅಂತ ಸರ್ ಕೇಳಿದರು. ‘ಹಿಂದೇನೇ ಸಾರ್’ ಅಂದೆ. ಅವರು ಹತ್ತು ಕಾರ್ನರ್ ಹೊಡೆಸಿದರು. ಎಂಟನ್ನು ತಲೆಯಿಂದ ಆಚೆ ಕಳಿಸಿದೆ. ಎರಡು ತಪ್ಪಿದವು. ಇನ್ನೂ ಅಭ್ಯಾಸ ಬೇಕು.