ಸ್ಮೋಕರ್‌ಗೆ ಹಿಡಿದ ತುಕ್ಕು

ಅಮೆರಿಕದ ಟೆಕ್ಸಾಸಿನಲ್ಲಿ ಮನೆಗಳ ಹಿತ್ತಿಲಲ್ಲಿ ಸ್ಮೋಕರ್ ಕಾಣಿಸುವುದು ಮಾಮೂಲು. ದಪ್ಪ ಉಕ್ಕಿನ ಉದ್ದನೆಯ ಪೀಪಾಯಿ, ಅದರ ಒಂದು ತುದಿಗೆ ಬೆಸೆದ ಬೆಂಕಿಗೂಡು. ಕಟ್ಟಿಗೆ ಉರಿಯುವುದು ಗೂಡಿನಲ್ಲಿ, ಮಾಂಸ ಬೇಯುವುದು ಪೀಪಾಯಿಯಲ್ಲಿ. ಅಲ್ಲಿಗೆ ತಲುಪುವುದು ಶಾಖ ಮತ್ತು ಹೊಗೆ ಮಾತ್ರ. 107ರಿಂದ 135 ಡಿಗ್ರಿ ಸೆಲ್ಸಿಯಸ್‌ನ ಹದ ಬಿಸಿಯಲ್ಲಿ ದನದ ಎದೆಮಾಂಸ ಹತ್ತು ಹನ್ನೆರಡು ಗಂಟೆ ಮೆತ್ತಗಾಗುತ್ತದೆ. ತೈಲಬಾವಿಗಳ ಪೈಪು, ಹಳೆಯ ಪ್ರೊಪೇನ್ ಟ್ಯಾಂಕುಗಳನ್ನು ಕತ್ತರಿಸಿ ಬೆಸುಗೆಗಾರರು ಕಟ್ಟಿದ ಯಂತ್ರವಿದು. ತಗಡು ಸಾಮಾನ್ಯವಾಗಿ ಕಾಲಿಂಚು, ಅಂದರೆ 6 ಮಿಲಿಮೀಟರಿನಷ್ಟು ದಪ್ಪ. ಹಾಗಾಗಿ ಮೇಲೆ ಕಿತ್ತಳೆ ಬಣ್ಣದ ಪುಡಿ ಕಂಡೊಡನೆ ಗುಜರಿಗೆ ಹಾಕಬೇಕಿಲ್ಲ.

ತುಕ್ಕು ಮೊದಲು ಕಾಣಿಸುವುದು ಬೆಂಕಿಗೂಡಿನಲ್ಲೇ. ಪೀಪಾಯಿಯ ಒಳಮೈಯನ್ನು ಹೊಗೆ ಮತ್ತು ಕೊಬ್ಬಿನ ಕಪ್ಪು ಪದರ ಕಾಯುತ್ತದೆ. ಗೂಡಿನ ಬಿಸಿಗೆ ಒಳಗಿನ ಈ ಪದರವೂ ಉರಿದುಹೋಗುತ್ತದೆ, ಹೊರಗಿನ ಬಣ್ಣವೂ ಉದುರುತ್ತದೆ. ಬರಿಮೈಯಾದ ಉಕ್ಕಿನ ಮೇಲೆ ಬೂದಿ ಕೂತಿರುತ್ತದೆ. ಬೂದಿಯಲ್ಲಿ ಲವಣಗಳಿವೆ, ಅವು ಗಾಳಿಯ ತೇವವನ್ನು ಹೀರಿಕೊಂಡು ಲೋಹಕ್ಕೆ ಅಂಟಿಸಿ ಹಿಡಿಯುತ್ತವೆ. ಹ್ಯೂಸ್ಟನ್‌ನಂಥ ಸಮುದ್ರಕ್ಕೆ ಹತ್ತಿರದ ಊರಿನಲ್ಲಿ ಮಳೆಯೇ ಬರದಿದ್ದರೂ ಇಷ್ಟು ಸಾಕು.

ಒಂದು ಹನಿ ನೀರಿನಡಿ ಏನಾಗುತ್ತದೆಂಬುದನ್ನು ಕೇಂಬ್ರಿಡ್ಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ತೋರಿಸಿಕೊಟ್ಟರು. ಉಪ್ಪುನೀರಿನ ಹನಿಯನ್ನು ನಯವಾದ ಉಕ್ಕಿನ ಮೇಲೆ ಇಟ್ಟರೆ ಅಂಚಿನಲ್ಲಿ ಗಾಳಿಯ ಆಮ್ಲಜನಕ ಧಾರಾಳ, ನಡುವೆ ಕೊರತೆ. ಕಬ್ಬಿಣ ಕರಗುವುದು ಕೊರತೆಯಿರುವ ನಡುಭಾಗದಲ್ಲಿ. ಅಲ್ಲಿಂದ ಎಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿಯುತ್ತವೆ, ಎರಡರ ಮಧ್ಯೆ ಕಂದು ಬಳೆಯಂತೆ ತುಕ್ಕು ಕೂರುತ್ತದೆ. ಒಂದೇ ಹನಿಯಲ್ಲಿ ಪೂರ್ತಿ ಬ್ಯಾಟರಿ! ಹಳೆಯ ತುಕ್ಕಿನ ಮೇಲೆಯೇ ಬಣ್ಣ ಬಳಿಯಬಾರದು ಎನ್ನುವುದಕ್ಕೆ ಕಾರಣ ಇಲ್ಲಿದೆ. ತುಕ್ಕು ರಂಧ್ರಮಯ. ಅದು ನೀರನ್ನು ಹಿಡಿದಿಡುತ್ತದೆ, ತನ್ನಡಿಯಲ್ಲಿ ಆಮ್ಲಜನಕ ಕಡಿಮೆ ಮಾಡುತ್ತದೆ, ಗುಂಡಿ ಆಳವಾಗುತ್ತಲೇ ಹೋಗುತ್ತದೆ. ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಪದರ ಪದರವಾಗಿ ಎದ್ದು ಬಣ್ಣವನ್ನೂ ಎಬ್ಬಿಸುತ್ತದೆ.

ಕೆಲಸ ಶುರುಮಾಡುವ ಮುನ್ನ ಗೂಡಿನ ತಳವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ತುದಿ ಒಳಹೋದರೆ ಅಲ್ಲಿ ಹೊಸ ತಗಡು ಬೆಸೆಯಬೇಕು. ಗಟ್ಟಿಯಿದ್ದು ಪುಡಿಯಷ್ಟೇ ಉದುರಿದರೆ ಅದು ಮೇಲ್ಮೈ ತುಕ್ಕು. ಬೂದಿ, ಜಿಡ್ಡು ತೆಗೆದು ತಂತಿಬ್ರಷ್‌ನಿಂದ ಉಜ್ಜಿ, ಆಮೇಲೆ 80, ನಂತರ 120 ನಂಬರಿನ ಮರಳು ಕಾಗದ ಹಾಕಿ. ಯಂತ್ರಕ್ಕೆ ಸಿಕ್ಕಿಸುವ ತಂತಿಚಕ್ರ ಬಳಸಿದರೆ ಕನ್ನಡಕ, ಮುಖಗವಸು ಬೇಕೇಬೇಕು. ಮಾಂಸ ಇಡುವ ಕಡ್ಡಿಜಾಲರಿಯನ್ನು ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದರೆ ಅಸಿಟಿಕ್ ಆಮ್ಲವೇ ತುಕ್ಕನ್ನು ಕರಗಿಸುತ್ತದೆ. ಬಳಿಕ ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಬೆಂಕಿಯ ಮೇಲೆ ಒಣಗಿಸಿ. ತಡಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಹೊಸ ತುಕ್ಕು ಏಳುತ್ತದೆ. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸುವುದನ್ನು ಬಿಡಬೇಡಿ. ಬ್ರಷ್‌ನಿಂದ ಕಳಚಿದ ತಂತಿ ಮಾಂಸಕ್ಕೆ ಅಂಟಿ ಗಂಟಲು, ಕರುಳಿಗೆ ಚುಚ್ಚಿದ ಆರು ಪ್ರಕರಣಗಳು 2011–12ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ವರದಿಯಾಗಿದ್ದವು.

ಅಂಗಡಿಯಲ್ಲಿ ಸಿಗುವ ತುಕ್ಕು ಪರಿವರ್ತಕಗಳಲ್ಲಿ ಹಲವು ಫಾಸ್ಫಾರಿಕ್ ಆಮ್ಲದವು. ಅವು ತುಕ್ಕನ್ನು ಗಟ್ಟಿ ಕಬ್ಬಿಣ ಫಾಸ್ಫೇಟ್ ಆಗಿಸುತ್ತವೆ. ಸುಮಾರು 1600 ವರ್ಷದಿಂದ ನಿಂತಿರುವ ದೆಹಲಿಯ ಕಬ್ಬಿಣದ ಕಂಬದ ಮೈಮೇಲೆಯೂ ಫಾಸ್ಫೇಟ್ ಪದರವಿದೆ. ಐಐಟಿ ಕಾನ್ಪುರದ ಆರ್. ಬಾಲಸುಬ್ರಹ್ಮಣ್ಯಂ ಅದನ್ನು ವಿವರವಾಗಿ ಅಧ್ಯಯನ ಮಾಡಿದ್ದರು. ಆದರೆ ಸ್ಮೋಕರ್‌ನಲ್ಲಿ ಪರಿವರ್ತಕಗಳನ್ನು ಹೊರಮೈಗೆ ಮಾತ್ರ, ಅದೂ ಡಬ್ಬಿಯ ಮೇಲೆ ಬರೆದ ತಾಪದ ಮಿತಿ ನೋಡಿಕೊಂಡು ಬಳಸಬೇಕು. ಹೊರಮೈಗೆ 650 ಡಿಗ್ರಿವರೆಗೆ ತಾಳುವ ಸಿಲಿಕೋನ್ ಬಣ್ಣ ಸಿಗುತ್ತದೆ. ಅಡುಗೆ ನಡೆಯುವ ಒಳಭಾಗಕ್ಕೆ ಬಣ್ಣವೂ ಬೇಡ, ಪರಿವರ್ತಕವೂ ಬೇಡ.

ಒಳಗೆ ಬೇಕಾದದ್ದು ಎಣ್ಣೆ. ಹೊಸ ಕಬ್ಬಿಣದ ದೋಸೆ ಕಾವಲಿಯನ್ನು ನಮ್ಮ ಮನೆಗಳಲ್ಲಿ ಪಳಗಿಸುವುದು ಹೇಗೋ ಇದೂ ಹಾಗೆಯೇ. ತೆಳ್ಳಗೆ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿ, ಸಣ್ಣ ಬೆಂಕಿ ಹಾಕಿ 150 ಡಿಗ್ರಿಯ ಆಸುಪಾಸಿನಲ್ಲಿ ಎರಡು ಮೂರು ಗಂಟೆ ಬಿಡಬೇಕು. ಎಣ್ಣೆಯ ಅಪರ್ಯಾಪ್ತ ಕೊಬ್ಬು ಆಮ್ಲಜನಕದೊಡನೆ ಸೇರಿ ಸರಪಳಿಗಳಾಗಿ ಹೆಣೆದುಕೊಳ್ಳುತ್ತದೆ. ನೀರು ದಾಟದ ಗಟ್ಟಿ ಪೊರೆ ಸಿದ್ಧ. ದಪ್ಪಗೆ ಬಳಿದರೆ ಅಂಟಂಟಾಗಿ ಉಳಿಯುತ್ತದೆ. ಬೆಂಕಿಗೂಡಿನಲ್ಲಿ ಈ ಪೊರೆ ಬಾಳುವುದಿಲ್ಲ. ಅಲ್ಲಿ ಪ್ರತಿ ಅಡುಗೆಯ ನಂತರ ಬೂದಿ ತೆಗೆಯುವುದು, ಆಗಾಗ ಎಣ್ಣೆ ಸವರುವುದು, ಇಷ್ಟೇ ದಾರಿ. ಉಜ್ಜುವ ಶ್ರಮಕ್ಕಿಂತ ಈ ಅಭ್ಯಾಸವೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಗಸೆ ಎಣ್ಣೆ ಬಳಸುವವರು ಎರಡು ವಿಷಯ ನೆನಪಿಡಿ. ಬಣ್ಣದಂಗಡಿಯ ಬಾಯ್ಲ್ಡ್ ಎಣ್ಣೆಯಲ್ಲಿ ಲೋಹದ ಲವಣಗಳಿರುತ್ತವೆ, ಅಡುಗೆಗೆ ಬಳಸುವ ಎಣ್ಣೆಯನ್ನೇ ತನ್ನಿ. ಸವರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ: ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಒಳಗೇ ಉಳಿದು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಹಾಕಿಡಿ.